ಹೊತ್ತುಗೊತ್ತಿನ ಹಾರ್ಮೋನು

ಮೇಲ್ಭಾಗ ತೆರೆದ ಚೌಕ ಪೆಟ್ಟಿಗೆ. ಒಳಗೆ ಎರಡು ಮೂಲೆಗಳಲ್ಲಿ ತದ್ರೂಪಾದ ಎರಡು ವಸ್ತು. ಅದರೊಳಕ್ಕೆ ಒಂದು ಇಲಿಯನ್ನು ಬಿಟ್ಟು, ಅದು ವಸ್ತುಗಳಿಗೆ ಮೂಗು ತಾಗಿಸಿ ಮೂಸುವ ಹೊತ್ತನ್ನು ಮಾತ್ರ ಲೆಕ್ಕ ಹಿಡಿಯುತ್ತಾರೆ. ಎರಡನ್ನೂ ಸೇರಿಸಿ ಒಟ್ಟು 30 ಸೆಕೆಂಡು ಮೂಸಿದ್ದಾಯಿತೋ, ಇಲಿಯನ್ನು ಎತ್ತಿ ಅದರ ಬೋನಿಗೆ ಮರಳಿಸುತ್ತಾರೆ. ಒಂದೆರಡು ದಿನ ಬಿಟ್ಟು ಮತ್ತೆ ಅದೇ ಪೆಟ್ಟಿಗೆ, ಆದರೆ ಎರಡರಲ್ಲೊಂದು ವಸ್ತು ಬದಲಾಗಿರುತ್ತದೆ. ಹಳೆಯದು ನೆನಪಿದ್ದರೆ ಇಲಿ ಹೊಸದನ್ನೇ ಹೆಚ್ಚು ಹೊತ್ತು ಮೂಸುತ್ತದೆ. ನೆನಪಿಲ್ಲದಿದ್ದರೆ ಅದಕ್ಕೆ ಎರಡೂ ಹೊಸವೇ, ಹಾಗಾಗಿ ತಲಾ 15 ಸೆಕೆಂಡಿನ ಆಸುಪಾಸು. ಬಹುಮಾನದ ಕಾಳೂ ಇಲ್ಲ, ಶಿಕ್ಷೆಯ ಶಾಕೂ ಇಲ್ಲ. ಇಲಿಯ ಹುಟ್ಟುಗುಣವಾದ ಕುತೂಹಲವೇ ಇಲ್ಲಿ ಅಳತೆಗೋಲು.

ಅಮೆರಿಕದ ವಿಸ್ಕಾನ್ಸಿನ್-ಮಿಲ್ವಾಕಿ ವಿಶ್ವವಿದ್ಯಾಲಯದ ಕ್ಯಾರಿನ್ ಫ್ರಿಕ್ ಅವರ ತಂಡ ಈ ಪೆಟ್ಟಿಗೆಯನ್ನಿಟ್ಟುಕೊಂಡು ವರ್ಷಗಟ್ಟಲೆ ಕೆಲಸ ಮಾಡಿದೆ. ಅಂಡಾಶಯ ತೆಗೆದ ಹೆಣ್ಣಿಲಿಗಳು ಹಳೆಯ ವಸ್ತುವನ್ನು ಒಂದು ದಿನದ ಮಟ್ಟಿಗೆ ನೆನಪಿಟ್ಟುಕೊಳ್ಳುತ್ತವೆ, ಎರಡನೆಯ ದಿನಕ್ಕೆ ಮರೆತಿರುತ್ತವೆ. ಆದರೆ ಪೆಟ್ಟಿಗೆಯಿಂದ ಎತ್ತಿದ ಕೂಡಲೇ, ಮಿದುಳಿನ ಹಿಪ್ಪೊಕ್ಯಾಂಪಸ್ ಎಂಬ ಭಾಗಕ್ಕೆ ಸಪೂರ ಕೊಳವೆಯ ಮೂಲಕ ಈಸ್ಟ್ರಡಯೋಲ್ ಹಾರ್ಮೋನನ್ನು ಹನಿಸಿದರೆ, ಎರಡು ದಿನ ಕಳೆದರೂ ಗುರುತು ಹಿಡಿಯುತ್ತವೆ. ಅದೇ ಹಾರ್ಮೋನನ್ನು, ಅಷ್ಟೇ ಪ್ರಮಾಣದಲ್ಲಿ, ಅದೇ ಜಾಗಕ್ಕೆ ಎರಡು-ಮೂರು ಗಂಟೆ ತಡವಾಗಿ ಕೊಟ್ಟರೆ ಏನೂ ಪ್ರಯೋಜನವಿಲ್ಲ.

ಈಸ್ಟ್ರಡಯೋಲ್‌ನಂಥ ಮಿದುಳಿನ ಸ್ಟೀರಾಯ್ಡ್‌ಗಳ ಬಗ್ಗೆ ತಿಳಿದುಕೊಳ್ಳಬೇಕಾದ ಮುಖ್ಯ ಸಂಗತಿ ಈ ತಡದಲ್ಲೇ ಇದೆ. ಕಲಿತದ್ದು ನೆನಪಾಗಿ ಗಟ್ಟಿಯಾಗಲು, ಹಾಲು ಹೆಪ್ಪುಗಟ್ಟುವಂತೆ, ಕೆಲವು ಗಂಟೆ ಬೇಕು. ಆ ಹೊತ್ತಿನಲ್ಲಿ ಸೇರಿದ್ದು ಮಾತ್ರ ಪರಿಣಾಮ ಮಾಡುತ್ತದೆ. ಮೊಸರಾದ ಮೇಲೆ ಏನು ಸುರಿದರೂ ಅಷ್ಟೆ. ಪತ್ರಿಕೆಗಳಲ್ಲಿ ‘ನೆನಪಿನ ಶಕ್ತಿ ಹೆಚ್ಚಿಸುವ ಹಾರ್ಮೋನು ಪತ್ತೆ’ ಎಂಬ ಶೀರ್ಷಿಕೆ ಆಗಾಗ ಕಾಣುತ್ತದಲ್ಲ, ಅದರಲ್ಲಿ ಬಿಟ್ಟುಹೋಗುವುದು ಸಾಮಾನ್ಯವಾಗಿ ಈ ‘ಯಾವಾಗ’ ಎಂಬ ಮಾತೇ.

ಕಲಿಸಿದ ನಂತರವೇ ಹಾರ್ಮೋನು ಕೊಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಮೊದಲೇ ಕೊಟ್ಟರೆ ಇಲಿ ಹೆಚ್ಚು ಓಡಾಡಿತೋ, ಅಂಜಿಕೆ ಕಡಿಮೆಯಾಯಿತೋ, ಕಣ್ಣು-ಮೂಗು ಚುರುಕಾಯಿತೋ ಅಥವಾ ನಿಜವಾಗಿ ನೆನಪೇ ಸುಧಾರಿಸಿತೋ ಎಂದು ಬಿಡಿಸಿ ಹೇಳಲಾಗದು. ಪಾಠ ಮುಗಿದ ಮೇಲೆ ಕೊಟ್ಟರೆ ಈ ಗೊಂದಲಗಳು ತಪ್ಪುತ್ತವೆ. ಪರೀಕ್ಷೆಯ ದಿನವನ್ನು ಆರಿಸುವುದರಲ್ಲೂ ಜಾಣ್ಮೆ ಬೇಕು. ನೆನಪು ಹೆಚ್ಚುತ್ತದೆಯೇ ಎಂದು ತಿಳಿಯಬೇಕಿದ್ದರೆ, ಸಾಮಾನ್ಯ ಇಲಿ ಮರೆತಿರುವಷ್ಟು ದಿನ ಬಿಟ್ಟು ನೋಡಬೇಕು. ಕುಂದುತ್ತದೆಯೇ ಎಂದು ತಿಳಿಯಬೇಕಿದ್ದರೆ, ಸಾಮಾನ್ಯ ಇಲಿಗೆ ಇನ್ನೂ ನೆನಪಿರುವಾಗಲೇ ನೋಡಬೇಕು.

ಎಲ್ಲಿ ತಯಾರಾಗುತ್ತದೆ?

ಸ್ಟೀರಾಯ್ಡ್ ಎಂದೊಡನೆ ನಮಗೆ ಜಿಮ್ಮಿನ ಇಂಜೆಕ್ಷನ್ನೋ ಅಸ್ತಮಾಕ್ಕೆ ಕೊಡುವ ಮಾತ್ರೆಯೋ ನೆನಪಾಗುತ್ತದೆ. ಅವೂ ಇದೇ ಬಳಗದವು. ನಾಲ್ಕು ಉಂಗುರಗಳು ಬೆಸೆದುಕೊಂಡ ಚೌಕಟ್ಟುಳ್ಳ ಅಣುಗಳಿಗೆಲ್ಲ ಸ್ಟೀರಾಯ್ಡ್ ಎಂದೇ ಹೆಸರು. ದೇಹದೊಳಗಿನ ಸ್ಟೀರಾಯ್ಡ್ ಹಾರ್ಮೋನುಗಳೆಲ್ಲ ಕೊಲೆಸ್ಟರಾಲ್‌ನಿಂದ ಹುಟ್ಟುತ್ತವೆ. ಅಂಡಾಶಯ, ವೃಷಣ, ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ, ಇವು ಅವುಗಳ ಕಾರ್ಖಾನೆ ಎಂದು ಶಾಲೆಯಲ್ಲಿ ಓದಿದ್ದೇವೆ. ಅಲ್ಲಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ. ಕೊಬ್ಬಿನಲ್ಲಿ ಕರಗುವ ಅಣುಗಳಾದ್ದರಿಂದ ಮಿದುಳಿನ ಸುತ್ತಣ ತಡೆಯನ್ನು ಸಲೀಸಾಗಿ ದಾಟುತ್ತವೆ.

1981ರಲ್ಲಿ ಫ್ರಾನ್ಸಿನ ಎಟಿಯೆನ್-ಎಮಿಲ್ ಬೊಲ್ಯೂ ತಂಡ ಈ ಪಾಠಕ್ಕೆ ಒಂದು ತಿದ್ದುಪಡಿ ತಂದಿತು. (ಗರ್ಭಪಾತದ ಆರ್‌ಯು-486 ಮಾತ್ರೆಯ ಹಿಂದಿದ್ದವರೂ ಇವರೇ.) ರ‍್ಯಾಟ್‌ಗಳ ಅಡ್ರಿನಲ್ ಗ್ರಂಥಿ ಮತ್ತು ವೃಷಣಗಳನ್ನು ತೆಗೆದುಹಾಕಿ ದಿನಗಳು ಕಳೆದರೂ ಅವುಗಳ ಮಿದುಳಿನಲ್ಲಿ ಡಿಎಚ್‌ಇಎ ಸಲ್ಫೇಟ್ ಎಂಬ ಸ್ಟೀರಾಯ್ಡ್ ಉಳಿದೇ ಇತ್ತು. ಕಾರ್ಖಾನೆಗೆ ಬೀಗ ಬಿದ್ದ ಮೇಲೂ ಸರಕು ಬರುತ್ತಿದೆ ಎಂದರೆ ಮಿದುಳೇ ಅದನ್ನು ತಯಾರಿಸುತ್ತಿರಬೇಕು. ಬೊಲ್ಯೂ ಇವುಗಳನ್ನು ನ್ಯೂರೊಸ್ಟೀರಾಯ್ಡ್ ಎಂದು ಕರೆದರು. ಒಂದು ಮಾತು ಇಲ್ಲೇ ಹೇಳಿಬಿಡುವುದು ಒಳ್ಳೆಯದು: ಈ ಲೇಖನದಲ್ಲಿ ಇಲಿ ಎಂದರೆ ಪ್ರಯೋಗಾಲಯದ ಚಿಕ್ಕ ಇಲಿ, ತೂಕ 25 ಗ್ರಾಮಿನ ಆಸುಪಾಸು. ಅದರ ಹತ್ತು ಪಟ್ಟಿಗೂ ಮಿಕ್ಕಿ ತೂಗುವ ದೊಡ್ಡದನ್ನು ರ‍್ಯಾಟ್ ಎಂದೇ ಬರೆದಿದ್ದೇನೆ. ಎರಡರ ಫಲಿತಾಂಶವನ್ನೂ ಒಂದೇ ಗುಡ್ಡೆ ಹಾಕುವ ಅಭ್ಯಾಸ ಸುದ್ದಿಬರಹಗಳಲ್ಲಿದೆ, ಅದು ಸರಿಯಲ್ಲ.

ಮಿದುಳಿಗೆ ಕಚ್ಚಾ ಸಾಮಗ್ರಿಯ ಕೊರತೆಯಿಲ್ಲ. ಮನುಷ್ಯರಲ್ಲಿ ದೇಹತೂಕದ ನೂರಕ್ಕೆ ಎರಡರಷ್ಟೇ ಇರುವ ಮಿದುಳಿನಲ್ಲಿ ದೇಹದ ಒಟ್ಟು ಕೊಲೆಸ್ಟರಾಲ್‌ನ ಐದನೇ ಒಂದು ಭಾಗಕ್ಕೂ ಹೆಚ್ಚು ಇದೆ. ರಕ್ತದಲ್ಲಿನ ಕೊಲೆಸ್ಟರಾಲ್ ಒಳಗೆ ಬರಲಾರದು, ಆದ್ದರಿಂದ ಮಿದುಳು ತನ್ನದನ್ನು ತಾನೇ ಮಾಡಿಕೊಳ್ಳುತ್ತದೆ. ಜೀವಕೋಶದ ಮೈಟೊಕಾಂಡ್ರಿಯದೊಳಗೆ ಒಂದು ಕಿಣ್ವ ಕೊಲೆಸ್ಟರಾಲ್‌ನ ಬಾಲ ಕತ್ತರಿಸಿ ಪ್ರೆಗ್ನೆನೊಲೋನ್ ಮಾಡುತ್ತದೆ. ಅಲ್ಲಿಂದ ದಾರಿ ಕವಲೊಡೆಯುತ್ತದೆ. ಒಂದು ಕವಲು ಪ್ರೊಜೆಸ್ಟರೋನ್ ಮೂಲಕ ಅಲೊಪ್ರೆಗ್ನನೊಲೋನ್‌ಗೆ, ಇನ್ನೊಂದು ಟೆಸ್ಟೊಸ್ಟರೋನ್ ಮೂಲಕ ಈಸ್ಟ್ರಡಯೋಲ್‌ಗೆ. ಟೆಸ್ಟೊಸ್ಟರೋನನ್ನು ಈಸ್ಟ್ರಡಯೋಲ್ ಆಗಿ ಬದಲಿಸುವ ಕಿಣ್ವದ ಹೆಸರು ಅರೋಮಟೇಸ್. ಅದು ಗಂಡಿನ ಮಿದುಳಿನಲ್ಲೂ ಇದೆ. ಹೆಣ್ಣಿನ ಹಾರ್ಮೋನು, ಗಂಡಿನ ಹಾರ್ಮೋನು ಎಂಬ ವಿಂಗಡಣೆ ಹೊಕ್ಕುಳಿನ ಕೆಳಗೆ ಎಷ್ಟು ನಡೆಯುತ್ತದೋ, ಕತ್ತಿನ ಮೇಲೆ ಅಷ್ಟು ನಡೆಯುವುದಿಲ್ಲ.

ನಿಧಾನದ ದಾರಿ, ಅವಸರದ ದಾರಿ

ಸ್ಟೀರಾಯ್ಡ್ ಜೀವಕೋಶದೊಳಕ್ಕೆ ನುಸುಳಿ, ತನ್ನ ಗ್ರಾಹಕವನ್ನು ಹಿಡಿದು, ಕೋಶಕೇಂದ್ರಕ್ಕೆ ಹೋಗಿ ಜೀನುಗಳನ್ನು ಎಬ್ಬಿಸುತ್ತದೆ ಎಂಬುದು ಹಳೆಯ ವಿವರಣೆ. ಇದು ನಿಜವೇ, ಆದರೆ ನಿಧಾನ. ಪರಿಣಾಮ ಕಾಣಲು ಗಂಟೆಗಳೋ ದಿನಗಳೋ ಬೇಕು. 1990ರಲ್ಲಿ ಕ್ಯಾಥರಿನ್ ವೂಲಿ ಮತ್ತು ಬ್ರೂಸ್ ಮೆಕ್‌ಎವನ್ ಹೆಣ್ಣು ರ‍್ಯಾಟ್‌ಗಳ ಹಿಪ್ಪೊಕ್ಯಾಂಪಸ್ಸನ್ನು ಸೂಕ್ಷ್ಮದರ್ಶಕದಡಿ ನೋಡಿದರು. ನರಕೋಶದ ಕವಲುಗಳ ಮೇಲೆ ಸಣ್ಣ ಸಣ್ಣ ಮುಳ್ಳುಗಳಿರುತ್ತವೆ. ಪಕ್ಕದ ನರಕೋಶದೊಡನೆ ಸಂಪರ್ಕ ನಡೆಯುವುದು ಬಹುಮಟ್ಟಿಗೆ ಆ ಮುಳ್ಳಿನ ತುದಿಯಲ್ಲಿ. ನಾಲ್ಕೈದು ದಿನಗಳ ಋತುಚಕ್ರದಲ್ಲಿ ಈಸ್ಟ್ರೊಜನ್ (ಈಸ್ಟ್ರಡಯೋಲ್ ಈ ಬಗೆಯದೇ) ಏರಿದಾಗ ಮುಳ್ಳುಗಳು ಹೆಚ್ಚುತ್ತಿದ್ದವು. ಇಳಿದಾಗ ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗುತ್ತಿದ್ದವು. ವಯಸ್ಕ ಮಿದುಳಿನ ರಚನೆ ಕಲ್ಲಿನಂತೆ ಸ್ಥಿರ ಎಂದು ನಂಬಿದ್ದ ಕಾಲದಲ್ಲಿ ಇದು ಸಣ್ಣ ಸುದ್ದಿಯಾಗಿರಲಿಲ್ಲ.

ಫ್ರಿಕ್ ಅವರ ಪೆಟ್ಟಿಗೆಯಲ್ಲಿ ಕಂಡದ್ದು ಇನ್ನೊಂದು ದಾರಿ. ಅಲ್ಲಿ ಈಸ್ಟ್ರಡಯೋಲ್ ಜೀವಕೋಶದ ಹೊರಪೊರೆಯ ಬಳಿಯ ಗ್ರಾಹಕಗಳನ್ನು ತಟ್ಟುತ್ತದೆ. ಅವು ಪಕ್ಕದ ಗ್ಲುಟಮೇಟ್ ಗ್ರಾಹಕಗಳೊಡನೆ ಕೈಜೋಡಿಸಿ, ಇಆರ್‌ಕೆ ಎಂಬ ಪ್ರೊಟೀನನ್ನು ಐದು ನಿಮಿಷದೊಳಗೆ ಚುರುಕುಗೊಳಿಸುತ್ತವೆ. ಔಷಧ ಕೊಟ್ಟು ಇಆರ್‌ಕೆಯನ್ನು ತಡೆದರೆ ಹೆಣ್ಣಿಲಿಯಲ್ಲಿ ಈಸ್ಟ್ರಡಯೋಲ್ ನಿಷ್ಫಲ. ಗಂಡಿಲಿಗೂ ಈಸ್ಟ್ರಡಯೋಲ್ ಕೊಟ್ಟರೆ ನೆನಪು ಸುಧಾರಿಸುತ್ತದೆ. ಆದರೆ ಅದಕ್ಕೆ ಇಆರ್‌ಕೆ ಬೇಕಾಗಿಲ್ಲ ಎಂದು ಅದೇ ತಂಡ 2018ರಲ್ಲಿ ತೋರಿಸಿತು. ಊರು ಒಂದೇ, ಹೋಗುವ ಬಸ್ಸು ಬೇರೆ. ಗಂಡಿಲಿಗಳನ್ನು ಮಾತ್ರ ಬಳಸಿ ಔಷಧ ಹುಡುಕುವ ಹಳೆಯ ರೂಢಿಗೆ ಇದಕ್ಕಿಂತ ಸ್ಪಷ್ಟವಾದ ಆಕ್ಷೇಪಣೆ ಬೇರೆ ಬೇಕಿಲ್ಲ.

ಮಿದುಳಿನ ತಯಾರಿಕೆಯನ್ನು ನಿಲ್ಲಿಸಿದರೆ?

ಹೊರಗಿನಿಂದ ಸುರಿದು ನೋಡುವುದು ಒಂದು ಬಗೆ. ಒಳಗಿನ ತಯಾರಿಕೆಯನ್ನೇ ಕೆಡಿಸಿ ನೋಡುವುದು ಇನ್ನೂ ಬಿಗಿಯಾದ ಬಗೆ. ಅದಕ್ಕೆ ಲೆಟ್ರೊಜೋಲ್ ಎಂಬ ಔಷಧವಿದೆ. ಮುಟ್ಟು ನಿಂತ ಮಹಿಳೆಯರ ಸ್ತನ ಕ್ಯಾನ್ಸರಿಗೆ ಕೊಡುವ ಮಾತ್ರೆಯೇ ಇದು. ಅರೋಮಟೇಸ್ ಕಿಣ್ವವನ್ನು ಕಟ್ಟಿಹಾಕುತ್ತದೆ. 2016ರಲ್ಲಿ ಫ್ರಿಕ್ ತಂಡ ಅಂಡಾಶಯವಿಲ್ಲದ ಹೆಣ್ಣಿಲಿಗಳ ಹಿಪ್ಪೊಕ್ಯಾಂಪಸ್ಸಿಗೆ, ಪೆಟ್ಟಿಗೆಯ ಪಾಠ ಮುಗಿದ ಕೂಡಲೇ, ಇದನ್ನು ಹನಿಸಿತು. ನೆನಪು ನಿಲ್ಲಲಿಲ್ಲ. ಅಂಡಾಶಯವೇ ಇಲ್ಲದ ಪ್ರಾಣಿಯಲ್ಲಿ ಅರೋಮಟೇಸ್ ತಡೆದದ್ದಕ್ಕೆ ಮರೆವು ಬಂತೆಂದರೆ, ಹಿಪ್ಪೊಕ್ಯಾಂಪಸ್ ತನ್ನಷ್ಟಕ್ಕೆ ಮಾಡಿಕೊಳ್ಳುತ್ತಿದ್ದ ಈಸ್ಟ್ರಡಯೋಲೇ ಅಷ್ಟು ದಿನ ಕೆಲಸ ನಡೆಸುತ್ತಿತ್ತು.

ಗಂಡಿಲಿಯಲ್ಲಿ ಕಥೆ ಸ್ವಲ್ಪ ತಿರುಗುತ್ತದೆ. ವೃಷಣ ತೆಗೆದ ಗಂಡಿಲಿಗೆ ಲೆಟ್ರೊಜೋಲ್ ಕೊಟ್ಟರೆ ಮರೆವು ಬರುತ್ತದೆ, ವೃಷಣವಿರುವ ಗಂಡಿಲಿಗೆ ಬರುವುದಿಲ್ಲ. ಟೆಸ್ಟೊಸ್ಟರೋನಿನಂಥ ಹಾರ್ಮೋನುಗಳು ತಮ್ಮದೇ ಗ್ರಾಹಕಗಳ ಮೂಲಕ ಅದನ್ನು ಕಾಪಾಡುತ್ತವೆ. ಹ್ಯಾಂಬರ್ಗಿನ ಗಾಬ್ರಿಯೆಲ್ ರೂನೆ ತಂಡ 2012ರಲ್ಲಿ ಇಲಿಗಳ ನರಸಂಪರ್ಕ ಬಲಗೊಳ್ಳುವ ಪ್ರಕ್ರಿಯೆಯನ್ನೇ ಅಳೆದಾಗಲೂ, ಅರೋಮಟೇಸ್ ತಡೆಯಿಂದ ಅದು ಹೆಣ್ಣಿನಲ್ಲಿ ನಿಂತುಹೋಯಿತು, ಗಂಡಿನಲ್ಲಿ ನಿಲ್ಲಲಿಲ್ಲ.

ಆದರೆ ಔಷಧ ಅಕ್ಕಪಕ್ಕಕ್ಕೂ ಹರಡಬಹುದು, ಬೇರೆ ಜೀವಕೋಶಗಳನ್ನೂ ಮುಟ್ಟಬಹುದು ಎಂಬ ಅನುಮಾನ ಉಳಿಯುತ್ತದೆ. ಆ ಅನುಮಾನಕ್ಕೆ ಉತ್ತರ ಬಂದದ್ದು 2019ರಲ್ಲಿ, ಅಮೆರಿಕದ ಜಾರ್ಜಿಯಾ ರಾಜ್ಯದ ಆಗಸ್ಟಾ ವಿಶ್ವವಿದ್ಯಾಲಯದ ಡ್ಯಾರೆಲ್ ಬ್ರ್ಯಾನ್ ತಂಡದಿಂದ. ಮುಮ್ಮಿದುಳಿನ ನರಕೋಶಗಳಲ್ಲಿ ಮಾತ್ರ ಅರೋಮಟೇಸ್ ಜೀನು ಇಲ್ಲದಂತೆ ಮಾಡಿದ ಇಲಿ ತಳಿಯನ್ನು ಅವರು ಸೃಷ್ಟಿಸಿದರು. ದೇಹದ ಉಳಿದೆಡೆ ಕಿಣ್ವ ಇದ್ದೇ ಇದೆ. ಮುಮ್ಮಿದುಳಿನ ಈಸ್ಟ್ರಡಯೋಲ್ ಮಾತ್ರ ಬಹುಪಾಲು ಬತ್ತಿಹೋಯಿತು. ನರಕೋಶದ ಮುಳ್ಳುಗಳೂ ಸಂಪರ್ಕಗಳೂ ವಿರಳವಾದವು. ಜಾಗದ ನೆನಪು, ವಸ್ತುವಿನ ನೆನಪು, ಶಾಕ್ ತಗುಲಿದ ಕೋಣೆಯ ನೆನಪು ಮೂರೂ ಕುಂದಿದವು. ಇಲಿಗಳ ಓಡಾಟದಲ್ಲಾಗಲಿ ಅಂಜಿಕೆಯಲ್ಲಾಗಲಿ ವ್ಯತ್ಯಾಸವಿರಲಿಲ್ಲ, ಆದ್ದರಿಂದ ಕುಂದಿದ್ದು ನೆನಪೇ ಎಂದು ಧೈರ್ಯವಾಗಿ ಹೇಳಬಹುದಿತ್ತು. ಹೊರಗಿನಿಂದ ಈಸ್ಟ್ರಡಯೋಲ್ ಕೊಟ್ಟಾಗ ಕೊರತೆ ತುಂಬಿಕೊಂಡಿತು. ಅಷ್ಟೇ ಅಲ್ಲ, ಮಿದುಳಿನ ಸೀಳನ್ನು ತಟ್ಟೆಯಲ್ಲಿಟ್ಟು ಅದರ ಮೇಲೆ ಈಸ್ಟ್ರಡಯೋಲ್ ಹರಿಸಿದರೆ ಕುಗ್ಗಿದ್ದ ನರಸಂಪರ್ಕ ಆಗಿಂದಾಗಲೇ ಮೊದಲಿನ ಬಲಕ್ಕೆ ಬಂತು. ಇಲ್ಲಿ ಗಂಡು, ಹೆಣ್ಣು ಎರಡಕ್ಕೂ ಹೊಡೆತ ಬಿದ್ದಿತ್ತು. ಹಿಂದಿನ ಪ್ರಯೋಗಗಳಿಗೆ ಇದು ಪೂರ್ತಿ ಹೊಂದುವುದಿಲ್ಲ. ತಾಸೆರಡು ತಾಸು ತಡೆಯುವುದಕ್ಕೂ ಜೀನೇ ಇಲ್ಲದೆ ಬಾಳುವುದಕ್ಕೂ ವ್ಯತ್ಯಾಸವಿದೆ ಎಂಬುದು ನನಗೆ ತೋಚುವ ವಿವರಣೆ.

ಒತ್ತಡದ ಹಾರ್ಮೋನಿನ ಏರಿಳಿತ

ನಮ್ಮಲ್ಲಿ ಕಾರ್ಟಿಸಾಲ್ ಮಾಡುವ ಕೆಲಸವನ್ನು ಇಲಿಯಲ್ಲಿ ಕಾರ್ಟಿಕೋಸ್ಟರೋನ್ ಮಾಡುತ್ತದೆ. ಅಡ್ರಿನಲ್ ಗ್ರಂಥಿಯಿಂದ ರಕ್ತಕ್ಕೆ ಬರುವ ಇದು ಮಿದುಳಿನಲ್ಲಿ ನೇರವಾಗಿ ಹೋಗಿ ಕೂರುವುದು ಹಿಪ್ಪೊಕ್ಯಾಂಪಸ್ಸಿನಲ್ಲೇ ಎಂದು ಮೆಕ್‌ಎವನ್ 1968ರಲ್ಲೇ ರ‍್ಯಾಟ್‌ಗಳಲ್ಲಿ ಕಂಡುಹಿಡಿದಿದ್ದರು. ಅದನ್ನು ಹಿಡಿಯುವ ಗ್ರಾಹಕಗಳಲ್ಲಿ ಎರಡು ಬಗೆ. ಒಂದು ಬಗೆಗೆ ಹಾರ್ಮೋನಿನ ಮೇಲೆ ಎಷ್ಟು ಸೆಳೆತವೆಂದರೆ, ನೆಮ್ಮದಿಯ ಹೊತ್ತಿನ ಅಲ್ಪ ಪ್ರಮಾಣಕ್ಕೇ ಅದು ತುಂಬಿಹೋಗುತ್ತದೆ. ಇನ್ನೊಂದು ಬಗೆ ತುಂಬುವುದು ಒತ್ತಡ ಬಂದಾಗ ಅಥವಾ ದಿನದ ಏರುಹೊತ್ತಿನಲ್ಲಿ. ಮೊದಲನೆಯದು ತುಂಬಿ ಎರಡನೆಯದು ಅರೆಬರೆ ತುಂಬಿದ ಸ್ಥಿತಿ ಕಲಿಕೆಗೆ ಹದವಾದದ್ದು. ತೀರಾ ಕಡಿಮೆಯಾದರೂ ಕಷ್ಟ, ತೀರಾ ಹೆಚ್ಚಾದರೂ ಕಷ್ಟ.

ರಿಚರ್ಡ್ ಮಾರಿಸ್ 1981ರಲ್ಲಿ ರೂಪಿಸಿದ ಈಜುಕೊಳದ ಪರೀಕ್ಷೆಯಲ್ಲಿ ಇದನ್ನು ಚೆನ್ನಾಗಿ ನೋಡಬಹುದು. ದುಂಡನೆಯ ತೊಟ್ಟಿಯ ನೀರನ್ನು ಬಿಳಿಬಣ್ಣ ಬೆರೆಸಿ ಮಬ್ಬು ಮಾಡಿರುತ್ತಾರೆ. ನೀರಿನ ಮಟ್ಟದ ಸ್ವಲ್ಪ ಕೆಳಗೆ ಕಾಣದಂತೆ ಒಂದು ಪುಟ್ಟ ಕಟ್ಟೆ. ಗೋಡೆಯ ಮೇಲಿನ ಗುರುತುಗಳನ್ನು ನೋಡಿಕೊಂಡು ಪ್ರಾಣಿ ಆ ಕಟ್ಟೆಯ ಜಾಗ ಕಲಿಯಬೇಕು. ಕಲಿತಿದೆಯೇ ಎಂದು ತಿಳಿಯಲು ಕೊನೆಗೆ ಕಟ್ಟೆಯನ್ನೇ ತೆಗೆದುಬಿಡುತ್ತಾರೆ. ನೆನಪಿರುವ ಪ್ರಾಣಿ ಕಟ್ಟೆಯಿದ್ದ ಕಡೆಯೇ ಸುತ್ತುತ್ತಿರುತ್ತದೆ. ಕಾರ್ಮೆನ್ ಸಾಂಡಿ ಮತ್ತು ಸಂಗಡಿಗರು 1997ರಲ್ಲಿ ಕೆಲವು ರ‍್ಯಾಟ್‌ಗಳಿಗೆ 25 ಡಿಗ್ರಿ, ಕೆಲವಕ್ಕೆ 19 ಡಿಗ್ರಿ ನೀರಿನಲ್ಲಿ ಇದನ್ನು ಕಲಿಸಿದರು. ತಣ್ಣೀರಿನಲ್ಲಿ ಈಜಿದವುಗಳ ಕಾರ್ಟಿಕೋಸ್ಟರೋನ್ ಹೆಚ್ಚಿತ್ತು, ಅವು ಕಲಿತದ್ದೂ ಗಟ್ಟಿಯಾಗಿತ್ತು. ಹಾಗೆಂದು ಒತ್ತಡ ಒಳ್ಳೆಯದು ಎಂದು ಷರಾ ಬರೆಯುವ ಮುನ್ನ ಮರುವರ್ಷದ ಇನ್ನೊಂದು ಪ್ರಯೋಗ ನೋಡಬೇಕು. ಡೊಮಿನಿಕ್ ದ ಕ್ವೆರ್ವೆನ್, ಬೆನ್ನೊ ರೂಜೆಂಡಾಲ್, ಜೇಮ್ಸ್ ಮೆಕ್‌ಗಾ ಆಗಲೇ ಕಲಿತು ಮುಗಿಸಿದ್ದ ರ‍್ಯಾಟ್‌ಗಳಿಗೆ ಪರೀಕ್ಷೆಯ ಅರ್ಧ ಗಂಟೆ ಮೊದಲು ಸಣ್ಣ ಶಾಕ್ ಕೊಟ್ಟರು. ಕಟ್ಟೆಯ ಜಾಗ ಮರೆತುಹೋಯಿತು. ಶಾಕ್ ಎರಡು ನಿಮಿಷ ಮೊದಲಾದರೆ ಮರೆವಿಲ್ಲ, ನಾಲ್ಕು ಗಂಟೆ ಮೊದಲಾದರೂ ಇಲ್ಲ. ಹಾರ್ಮೋನು ಏರುವುದು ಅರ್ಧ ಗಂಟೆಯ ಹೊತ್ತಿಗೆ. ನೆನಪನ್ನು ಕೂಡಿಡುವಾಗ ನೆರವಾಗುವ ಹಾರ್ಮೋನೇ ಅದನ್ನು ಹೊರತೆಗೆಯುವಾಗ ಅಡ್ಡಬರುತ್ತದೆ. ಚೆನ್ನಾಗಿ ಓದಿದ್ದವರೂ ಪರೀಕ್ಷಾ ಕೊಠಡಿಯ ಬಾಗಿಲಲ್ಲಿ ತಡವರಿಸುವುದೇಕೆ ಎಂದು ಕೇಳುವವರಿಗೆ ಇದು ಪೂರ್ತಿ ಉತ್ತರವಲ್ಲ, ಆದರೆ ಉತ್ತರದ ಒಂದು ತುಂಡು.

ಇಲಿಗಳಲ್ಲಿ ಇದಕ್ಕಿಂತಲೂ ನಾಜೂಕಾದ ಪ್ರಯೋಗವೊಂದು 2013ರಲ್ಲಿ ಬಂತು. ಕಾನರ್ ಲಿಸ್ಟನ್, ವೆನ್‌-ಬಿಯಾವ್ ಗಾನ್ ಮತ್ತು ಸಂಗಡಿಗರು ಜೀವಂತ ಇಲಿಯ ಮಿದುಳಿನ ಮುಳ್ಳುಗಳನ್ನು ವಿಶೇಷ ಸೂಕ್ಷ್ಮದರ್ಶಕದಿಂದ ದಿನದಿನವೂ ನೋಡುತ್ತ, ತಿರುಗುವ ದಂಡದ ಮೇಲೆ ಬೀಳದೆ ನಡೆಯುವುದನ್ನು ಅವಕ್ಕೆ ಕಲಿಸಿದರು. ಕಾರ್ಟಿಕೋಸ್ಟರೋನ್ ಏರಿದ್ದ ಹೊತ್ತಿನಲ್ಲಿ ಕಲಿಸಿದರೆ ಹೊಸ ಮುಳ್ಳುಗಳು ಹೆಚ್ಚಾಗಿ ಮೂಡುತ್ತಿದ್ದವು. ಆದರೆ ಮೂಡಿದವು ಉಳಿಯಬೇಕಾದರೆ ಆಮೇಲೆ ಹಾರ್ಮೋನು ಇಳಿಯಲೇಬೇಕಿತ್ತು. ಇಳಿಯದಂತೆ ಮಾಡಿದರೆ ಹೊಸ ಮುಳ್ಳುಗಳೂ ಹೋದವು, ಹಳೆಯವೂ ಕೆಲವು ಜೊತೆಗೆ ಹೋದವು.

ದಿನವೂ ಒತ್ತಡದಲ್ಲೇ ಇದ್ದರೆ ಏನಾಗುತ್ತದೆಂಬ ಪ್ರಶ್ನೆಗೆ ಒಂದು ಮುಖ್ಯ ಉತ್ತರ ಬೆಂಗಳೂರಿನದು. ಇಲ್ಲಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸುಮಂತ್ರ ಚಟರ್ಜಿ ತಂಡ ರ‍್ಯಾಟ್‌ಗಳನ್ನು ಹತ್ತು ದಿನ, ದಿನಕ್ಕೆ ಎರಡು ಗಂಟೆ ಅಲುಗಾಡದಂತೆ ಹಿಡಿದಿಟ್ಟು ನೋಡಿತು. 2002ರ ಆ ವರದಿಯ ಪ್ರಕಾರ ಹಿಪ್ಪೊಕ್ಯಾಂಪಸ್ಸಿನ ನರಕೋಶದ ಕವಲುಗಳು ಮೊಟಕಾದವು. ಭಯದ ನೆನಪನ್ನು ನೋಡಿಕೊಳ್ಳುವ ಅಮಿಗ್ಡಲದಲ್ಲಿ ಮಾತ್ರ ಕವಲುಗಳು ಬೆಳೆದವು. ಒಂದೇ ಒತ್ತಡ, ಅಂಗೈಯಗಲದ ದೂರವೂ ಇಲ್ಲದ ಎರಡು ಭಾಗಗಳಲ್ಲಿ ತದ್ವಿರುದ್ಧ ಪರಿಣಾಮ. ಮೂರು ವಾರ ನೆಮ್ಮದಿಯಾಗಿ ಬಿಟ್ಟ ಮೇಲೂ ಅಮಿಗ್ಡಲದ ಬೆಳವಣಿಗೆ ಇಳಿಯಲಿಲ್ಲ, ಅಂಜಿಕೆಯೂ ಹೋಗಲಿಲ್ಲ ಎಂದು ಅವರೇ ಎರಡು ವರ್ಷದ ನಂತರ ಬರೆದರು.

ನೂರೈವತ್ತು ಅಣುಗಳು

ಈ ಕ್ಷೇತ್ರದ ಅತಿ ಬೆರಗಿನ ಅಂಕಿ 1995ರದು. ಜೇಮ್ಸ್ ಫ್ಲಡ್, ಜಾನ್ ಮಾರ್ಲಿ, ಯೂಜೀನ್ ರಾಬರ್ಟ್ಸ್ ಅರೆಬರೆ ಪಾಠವಾಗಿದ್ದ ಇಲಿಗಳ ಮಿದುಳಿನ ಬೇರೆ ಬೇರೆ ಭಾಗಗಳಿಗೆ ಪ್ರೆಗ್ನೆನೊಲೋನ್ ಸಲ್ಫೇಟ್ ಚುಚ್ಚಿದರು. ನೆನಪು ಹೆಚ್ಚಲು ಅಮಿಗ್ಡಲದಲ್ಲಿ 150ಕ್ಕೂ ಕಡಿಮೆ ಅಣುಗಳು ಸಾಕಾದವು ಎಂದು ವರದಿ ಮಾಡಿದರು. ಹಿಪ್ಪೊಕ್ಯಾಂಪಸ್ಸಿಗಿಂತ ಅಮಿಗ್ಡಲ ಇದಕ್ಕೆ ಸುಮಾರು ಹತ್ತು ಸಾವಿರ ಪಟ್ಟು ಸೂಕ್ಷ್ಮ. ಎರಡು ವರ್ಷದ ನಂತರ ಫ್ರಾನ್ಸಿನಲ್ಲಿ ಮೋನಿಕ್ ವಾಲೆ ಮತ್ತಿತರರು ಮುದಿ ರ‍್ಯಾಟ್‌ಗಳ ಹಿಪ್ಪೊಕ್ಯಾಂಪಸ್ಸಿನಲ್ಲಿ ಈ ವಸ್ತು ಕಡಿಮೆಯಿದ್ದಷ್ಟೂ ಈಜುಕೊಳದ ನೆನಪು ಕಳಪೆ ಎಂದು ತೋರಿಸಿದರು.

ನೂರೈವತ್ತು ಅಣು ಎಂಬ ಮಾತನ್ನು ನಾನು ಅನುಮಾನದಿಂದಲೇ ಓದುತ್ತೇನೆ. ಅಷ್ಟು ತೆಳುವಾದ ದ್ರಾವಣದಲ್ಲಿ ಎಷ್ಟು ಅಣು ಗಾಜಿಗೆ ಅಂಟಿಕೊಂಡವು, ಎಷ್ಟು ಒಳಗೆ ಹೋದವು ಎಂದು ಎಣಿಸುವವರಾರು? ಅನುಮಾನಕ್ಕೆ ಇನ್ನೂ ಬಲವಾದ ಆಧಾರವಿದೆ. ಹಳೆಯ ಅಳತೆಗಳೆಲ್ಲ ಪ್ರತಿಕಾಯ ಬಳಸಿ ಪರೋಕ್ಷವಾಗಿ ಮಾಡಿದವು. ಮುಂದೆ ಮಾಸ್ ಸ್ಪೆಕ್ಟ್ರೊಮೆಟ್ರಿ ಬಂದು ಅಣುವನ್ನೇ ನೇರವಾಗಿ ತೂಗಿ ನೋಡಿದಾಗ, ಇಲಿ-ರ‍್ಯಾಟ್‌ಗಳ ಮಿದುಳಿನಲ್ಲಿ ಈ ಸಲ್ಫೇಟುಗಳು ಹಿಂದೆ ಹೇಳಿದ್ದಕ್ಕಿಂತ ತೀರಾ ಕಡಿಮೆ ಸಿಕ್ಕವು. ಹೊರಗಿನಿಂದ ಕೊಟ್ಟರೆ ಕೆಲಸ ಮಾಡುತ್ತದೆ ಎಂಬುದು ಒಂದು ಮಾತು. ಮಿದುಳು ಅದನ್ನು ದಿನನಿತ್ಯ ಬಳಸುತ್ತದೆ ಎಂಬುದು ಬೇರೆಯೇ ಮಾತು.

ಡಿಎಚ್‌ಇಎ ಗುಳಿಗೆಗಳ ವ್ಯಾಪಾರ ನಿಂತಿರುವುದು ಇಂಥ ಮಸುಕಿನ ಮೇಲೆಯೇ. 1988ರಲ್ಲಿ ಫ್ಲಡ್ ಮತ್ತು ರಾಬರ್ಟ್ಸ್ ಮುದಿ ಇಲಿಗಳಿಗೆ ಡಿಎಚ್‌ಇಎ ಸಲ್ಫೇಟ್ ಕೊಟ್ಟು ನೆನಪು ಸುಧಾರಿಸಿತೆಂದು ಬರೆದಿದ್ದರು. ಅಮೆರಿಕದಲ್ಲಿ ಡಿಎಚ್‌ಇಎ ಈಗಲೂ ಆಹಾರ ಪೂರಕದ ಹೆಸರಲ್ಲಿ ವೈದ್ಯರ ಚೀಟಿಯಿಲ್ಲದೆ ಸಿಗುತ್ತದೆ. ಮನುಷ್ಯನ ಅಡ್ರಿನಲ್ ಗ್ರಂಥಿ ಡಿಎಚ್‌ಇಎಯನ್ನು ಧಾರಾಳವಾಗಿ ಸುರಿಸುತ್ತದೆ. ಇಲಿಯ ಅಡ್ರಿನಲ್‌ನಲ್ಲಿ ಅದಕ್ಕೆ ಬೇಕಾದ ಕಿಣ್ವವೇ ಇಲ್ಲ. ಅದರ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಆಗದೆ ಕಾರ್ಟಿಕೋಸ್ಟರೋನ್ ಆಗಿರುವುದಕ್ಕೂ ಅದೇ ಕಿಣ್ವದ ಗೈರುಹಾಜರಿ ಕಾರಣ. ಹುಟ್ಟಾ ಆ ಹಾರ್ಮೋನು ರಕ್ತದಲ್ಲಿ ಇಲ್ಲದಷ್ಟೇ ಇರುವ ಪ್ರಾಣಿಗೆ ಅದನ್ನು ಕೊಟ್ಟು ಬಂದ ಫಲವನ್ನು ತುಂಬಿ ತುಳುಕುವ ಮನುಷ್ಯನಿಗೆ ಹೊಂದಿಸಲು ಹೊರಟರೆ ಲೆಕ್ಕ ಕೂಡಿಬರುವುದಿಲ್ಲ. ವಯಸ್ಸಾದವರಲ್ಲಿ ನಡೆಸಿದ ಪರೀಕ್ಷೆಗಳಲ್ಲಿ ಡಿಎಚ್‌ಇಎ ನೆನಪಿಗೆ ನೆರವಾದದ್ದು ಸಾಬೀತಾಗಿಲ್ಲ. ಈಸ್ಟ್ರೊಜನ್ ವಿಷಯದಲ್ಲೂ 2003ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ಪೆಟ್ಟು ಕೊಟ್ಟಿತು. 65 ದಾಟಿದ ಮಹಿಳೆಯರಿಗೆ ಈಸ್ಟ್ರೊಜನ್ ಮತ್ತು ಪ್ರೊಜೆಸ್ಟಿನ್ ಕೂಡಿಸಿ ಕೊಟ್ಟಾಗ ಮರೆಗುಳಿ ರೋಗದ ಅಪಾಯ ಇಳಿಯುವ ಬದಲು ಏರಿತು. ಮುಟ್ಟು ನಿಂತ ಆಸುಪಾಸಿನಲ್ಲೇ ಶುರುಮಾಡಿದ್ದರೆ ಬೇರೆಯಾಗುತ್ತಿತ್ತೇ ಎಂಬ ಚರ್ಚೆ ಇನ್ನೂ ನಡೆದಿದೆ.

ಇನ್ನು ಅಲೊಪ್ರೆಗ್ನನೊಲೋನ್. ಇದು ನರಕೋಶಗಳನ್ನು ತಣ್ಣಗಿಡುವ ಗ್ಯಾಬಾ ಗ್ರಾಹಕಗಳಿಗೆ ಒತ್ತು ಕೊಡುತ್ತದೆ, ಆದ್ದರಿಂದ ಜಡತೆ, ನಿದ್ದೆ. ಚುಚ್ಚಿದ ಎಂಟು ನಿಮಿಷಕ್ಕೆ ನೀರಿಗೆ ಬಿಟ್ಟ ರ‍್ಯಾಟ್‌ಗಳು ಕಟ್ಟೆಯ ಜಾಗ ಕಲಿಯಲಿಲ್ಲ. ಇಪ್ಪತ್ತು ನಿಮಿಷ ಬಿಟ್ಟು ಇಳಿಸಿದವು ಎಂದಿನಂತೆ ಕಲಿತವು. ಹೆರಿಗೆಯ ನಂತರದ ಖಿನ್ನತೆಗೆ ಅಮೆರಿಕ 2019ರಲ್ಲಿ ಒಪ್ಪಿದ ಬ್ರೆಕ್ಸನೊಲೋನ್ ಔಷಧ ಇದೇ ಅಣು. 2024ರ ಕೊನೆಯವರೆಗೆ ಅದನ್ನು 60 ಗಂಟೆ ಡ್ರಿಪ್ ಹಾಕಿ ಕೊಡುತ್ತಿದ್ದರು. ನೆನಪಿನ ವಿಷಯದಲ್ಲಿ ಕಲಿಕೆಯನ್ನು ಕೆಡಿಸುವ ಇಂಥ ವಸ್ತುವಿನಿಂದ ಏನು ಲಾಭ? ರಾಬರ್ಟಾ ಬ್ರಿಂಟನ್ ತಂಡ 2010ರಲ್ಲಿ ಆಲ್‌ಝೈಮರ್ ರೋಗ ಬರುವಂತೆ ರೂಪಿಸಿದ ಇಲಿಗಳಿಗೆ ಇದರ ಒಂದೇ ಡೋಸು ಕೊಟ್ಟಿತು. ಹಿಪ್ಪೊಕ್ಯಾಂಪಸ್ಸಿನಲ್ಲಿ ಹೊಸ ನರಕೋಶಗಳು ಹೆಚ್ಚಿದವು, ಕಲಿಕೆಯೂ ಸುಧಾರಿಸಿತು. ಸ್ವೀಡನ್ನಿನ ಇನ್ನೊಂದು ತಂಡ ಅಂಥದೇ ರೋಗದ ಮತ್ತೊಂದು ತಳಿಯ ಇಲಿಗಳಿಗೆ ಇದೇ ವಸ್ತುವನ್ನು ತಿಂಗಳುಗಟ್ಟಲೆ ಬಿಡುವಿಲ್ಲದೆ ಹರಿಸಿದಾಗ ಕಲಿಕೆ ಇನ್ನಷ್ಟು ಬೇಗ ಹದಗೆಟ್ಟಿತು. ಬ್ರಿಂಟನ್ ತಂಡ ಮುಂದೆ ಬೇರೆ ಬೇರೆ ಅಂತರಗಳಲ್ಲಿ ಕೊಟ್ಟು ನೋಡಿದಾಗ ವಾರಕ್ಕೆ ಮೂರು ಸಲಕ್ಕಿಂತ ವಾರಕ್ಕೊಂದು ಸಲವೇ ಹೆಚ್ಚು ಫಲ ಕೊಟ್ಟಿತು. ಆಲ್‌ಝೈಮರ್ ಆರಂಭದಲ್ಲಿರುವ ರೋಗಿಗಳ ಮೇಲೆ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಯೋಗ ಶುರುವಾದಾಗ ಅವರಿಗೂ ಡ್ರಿಪ್ ಹಾಕಿದ್ದು ವಾರಕ್ಕೊಮ್ಮೆ.